ಹುಟ್ಟುಗುಣ ಎಂಬ ಮಾತು
(ಸ್ವಸಹಾಯ ಗುಂಪುಗಳ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಳಿಗ್ಗೆ ಜಮಖಾನ ಹಾಸುವಾಗ ನಿಮ್ಮಲ್ಲೊಬ್ಬ ತಂಗಿ ನನ್ನನ್ನು ಕೇಳಿದಳು. ಯಾರೆಂದು ಹೇಳುವುದಿಲ್ಲ. "ಅಕ್ಕಾ, ಅವರಪ್ಪನೂ ಹೊಡೀತಿದ್ದ, ಇವನೂ ಹೊಡೀತಾನೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ನಾನೇನು ಮಾಡಲಿ?" ಉಳಿತಾಯದ ಬಗ್ಗೆ ಮಾತಾಡಲೆಂದು ಬಂದವಳು ನಾನು. ಅದನ್ನು ಬದಿಗಿಟ್ಟು ಈ ಪ್ರಶ್ನೆಯನ್ನೇ ಹಿಡಿಯುತ್ತೇನೆ.

ಮನುಷ್ಯರ ಕೆಟ್ಟತನದ ಬಗ್ಗೆ ಮನೋವಿಜ್ಞಾನಿಗಳು ಬಹಳ ಕಾಲದಿಂದ ಲೆಕ್ಕ ಹಾಕುತ್ತಿದ್ದಾರೆ. 2018ರಲ್ಲಿ ಜರ್ಮನಿ ಮತ್ತು ಡೆನ್ಮಾರ್ಕಿನ ಮೂವರು ವಿದ್ವಾಂಸರು ಒಂದು ವಿಚಾರ ಮುಂದಿಟ್ಟರು. ಸ್ವಾರ್ಥ, ಕ್ರೌರ್ಯ, ಮೋಸ, ದರ್ಪ ಎಲ್ಲದರ ಬೇರೂ ಒಂದೇ ಎಂದು. ತನ್ನ ಲಾಭವೇ ಮೊದಲು, ಅದರಿಂದ ಇನ್ನೊಬ್ಬರಿಗೆ ನೋವಾದರೂ ಚಿಂತೆಯಿಲ್ಲ, ಜೊತೆಗೆ ತಾನು ಮಾಡಿದ್ದೇ ಸರಿ ಎನ್ನಲು ಒಂದು ಸಮರ್ಥನೆ. ಈ ಕೊನೆಯದನ್ನು ಗಮನಿಸಿ. ಸೊಸೆಗೆ ಅನ್ನ ಹಾಕದೆ ಕೂಡಿಹಾಕಿದ ಮನೆಯವರು ನಮ್ಮೆದುರು ಕೂತು ಏನು ಹೇಳುತ್ತಾರೆ? "ಅವಳಪ್ಪ ಬೈಕು ಕೊಡ್ತೀನಿ ಅಂದಿದ್ದ, ಕೊಡಲಿಲ್ಲ." ತಪ್ಪು ಮಾಡಿದವರ ದನಿಯಲ್ಲ ಅದು, ಬಾಕಿ ವಸೂಲಿಗೆ ಬಂದವರ ದನಿ. ಆ ಸಮರ್ಥನೆ ಅವರ ರಕ್ತದಲ್ಲಿ ಬಂದದ್ದಲ್ಲ, ಊರು ಕೊಟ್ಟದ್ದು.

2025ರಲ್ಲಿ ಇದೇ ವಿದ್ವಾಂಸರು ಮತ್ತೆ ಸೇರಿ 183 ದೇಶಗಳ ಸುಮಾರು 18 ಲಕ್ಷ ಜನರ ಉತ್ತರಗಳನ್ನು ನೋಡಿದರು. ಭ್ರಷ್ಟಾಚಾರ, ಅಸಮಾನತೆ, ಬಡತನ, ಹಿಂಸೆ ಹೆಚ್ಚಿದ್ದ ಕಡೆ, ಸುಮಾರು 20 ವರ್ಷಗಳ ನಂತರ ಈ ಗುಣವೂ ಹೆಚ್ಚಾಗಿ ಕಂಡಿತು. ಅಮೆರಿಕದ ಒಳಗೂ ಹಾಗೆಯೇ. ಲೂಸಿಯಾನಾ, ನೆವಾಡಾದಂಥ ರಾಜ್ಯಗಳಲ್ಲಿ ಹೆಚ್ಚು, ಯೂಟಾ, ವರ್ಮಾಂಟಿನಲ್ಲಿ ಕಡಿಮೆ. ತಪ್ಪು ಮಾಡಿದವನೇ ಗೆದ್ದು, ನೇರವಾಗಿ ನಡೆದವನು ದಡ್ಡ ಅನ್ನಿಸಿಕೊಳ್ಳುವ ಕಡೆ ಜನ ಅದನ್ನೇ ಕಲಿಯುತ್ತಾರೆ ಎಂಬುದು ಅವರ ವಿವರಣೆ. ಅವರು ಕಂಡ ವ್ಯತ್ಯಾಸ ದೊಡ್ಡದೇನಲ್ಲ, ಉತ್ತರ ಕೊಟ್ಟವರೂ ತಮ್ಮ ಬಗ್ಗೆ ತಾವೇ ಹೇಳಿಕೊಂಡವರು. ಇನ್ನೊಂದು ಮಾತು. ಬಡವರು ಕೆಟ್ಟವರು ಎಂದು ಯಾರಾದರೂ ಇದಕ್ಕೆ ಅರ್ಥ ಹಚ್ಚಿದರೆ ಒಪ್ಪಬೇಡಿ. ನಮ್ಮ ಬಳಿ ಬಂದ ಪ್ರಕರಣಗಳಲ್ಲಿ ಇಂಜಿನಿಯರು, ಡಾಕ್ಟರು, ಮೇಷ್ಟ್ರು ಎಲ್ಲರೂ ಇದ್ದಾರೆ. ಓದು ಹೆಚ್ಚಾದಷ್ಟೂ ಪಟ್ಟಿ ಉದ್ದ.

ಆ 20 ವರ್ಷವನ್ನು ನಮ್ಮ ಕಲ್ಯಾಣ ಮಂಟಪಕ್ಕೆ ತಂದು ನೋಡೋಣ. 1961ರಿಂದಲೇ ವರದಕ್ಷಿಣೆ ಅಪರಾಧ. 1983ರಲ್ಲಿ 498ಎ ಬಂತು, 1986ರಲ್ಲಿ ವರದಕ್ಷಿಣೆ ಸಾವಿಗೆ ಪ್ರತ್ಯೇಕ ಕಲಂ ಬಂತು. 2024ರ ಜುಲೈನಿಂದ ಅವು ಭಾರತೀಯ ನ್ಯಾಯ ಸಂಹಿತೆಯೊಳಗೆ ಸೇರಿವೆ. ಆದರೂ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 6 ಸಾವಿರಕ್ಕೂ ಹೆಚ್ಚು ವರದಕ್ಷಿಣೆ ಸಾವುಗಳು ದಾಖಲಾದವು. ಮದುವೆಯ ಹಿಂದಿನ ದಿನ ಎಲ್ಲರೆದುರು ದುಡ್ಡು ಎಣಿಸುವುದನ್ನು ಐದು ವರ್ಷದ ಹುಡುಗ ಕಂಬದ ಪಕ್ಕ ನಿಂತು ನೋಡುತ್ತಾನೆ. ಯಾರೂ ಜೈಲಿಗೆ ಹೋಗಲಿಲ್ಲ, ಊರ ಹಿರಿಯರು ಊಟ ಮಾಡಿ ಹೋದರು. ಅವನಿಗೆ ಇಪ್ಪತ್ತೈದಾದಾಗ ತನ್ನ ಬೆಲೆ ಎಷ್ಟೆಂದು ಕೇಳದೆ ಇರುತ್ತಾನೆಯೆ? ಹುಡುಗಿಯೂ ಅಲ್ಲೇ ನಿಂತಿದ್ದಳು. ಮುಂದೆ ಅತ್ತೆಯಾಗುವವಳು ಅವಳೇ.

ಹಾಗಾದರೆ ಎಲ್ಲ ಕಡೆಯೂ ಗಂಡ ಹೊಡೆಯುತ್ತಾನೆಯೆ? ಇಲ್ಲ. ಲೆವಿನ್‌ಸನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ 1989ರಲ್ಲಿ ಪ್ರಪಂಚದ 90 ಸಣ್ಣ ಸಮಾಜಗಳ ದಾಖಲೆಗಳನ್ನು ಹೋಲಿಸಿ ಒಂದು ಪುಸ್ತಕ ಪ್ರಕಟಿಸಿದ. ಹೆಚ್ಚಿನವುಗಳಲ್ಲಿ ಹೆಂಡತಿಗೆ ಹೊಡೆಯುವುದಿತ್ತು. 16 ಸಮಾಜಗಳಲ್ಲಿ ಮಾತ್ರ ಮನೆಯೊಳಗಿನ ಹಿಂಸೆ ಇರಲೇ ಇಲ್ಲ, ಇದ್ದರೂ ತೀರಾ ಅಪರೂಪ. ಪಪುವಾ ನ್ಯೂಗಿನಿಯನ್ನೇ ನೋಡಿ. ಹೆಂಗಸರ ಮೇಲಿನ ಹೊಡೆತಕ್ಕೆ ಕುಖ್ಯಾತವಾದ ದೇಶ ಅದು. ಅಲ್ಲಿನ ವಾಪೆ ಎಂಬ ಗುಡ್ಡಗಾಡು ಜನರಲ್ಲಿ ಗಂಡಸರು ಹೆಂಡತಿಗೆ ಹೊಡೆಯುವುದಿಲ್ಲವೆಂದು ಅವರೊಡನೆ ಇದ್ದು ಬಂದ ಸಂಶೋಧಕರು ಬರೆದಿದ್ದಾರೆ. ದೇಶ ಒಂದೇ, ಗುಡ್ಡ ಬೇರೆ, ಗಂಡಸು ಬೇರೆ.

ಹೊಡೆತ ಎಲ್ಲಿ ಹೆಚ್ಚು ಎಂದು ಲೆವಿನ್‌ಸನ್ ಹುಡುಕಿದ. ದುಡ್ಡು ಗಂಡಸಿನ ಕೈಲಿರುವ ಕಡೆ, ಮನೆಯ ತೀರ್ಮಾನ ಅವನೊಬ್ಬನದೇ ಆಗಿರುವ ಕಡೆ, ಜಗಳವನ್ನು ಕೈಯಿಂದಲೇ ಬಗೆಹರಿಸುವ ಕಡೆ, ಹೆಣ್ಣು ಮದುವೆ ಬಿಟ್ಟು ಹೊರಬರಲಾಗದ ಕಡೆ. ಹೆಂಗಸರು ಹೆಂಗಸರೇ ಗುಂಪು ಕಟ್ಟಿಕೊಂಡು ದುಡಿಯುವ ಕಡೆ ಹೊಡೆತ ಕಡಿಮೆ ಇತ್ತು. ಹೊಡೆತದ ಸದ್ದು ಕೇಳಿದೊಡನೆ ನೆರೆಯವರು ಒಳಗೆ ನುಗ್ಗುವ ಕಡೆಯೂ ಅಷ್ಟೆ. ನಮ್ಮಲ್ಲಿ ಆಗ ಟಿ.ವಿ. ಸದ್ದು ಜೋರು ಮಾಡುತ್ತೇವೆ.

ಹಾಗೆಂದು ಹೊಡೆಯುವವನನ್ನು ಬಿಟ್ಟುಬಿಡಬೇಕೆ? ಸಮಾಜ ಹೀಗೆ ಮಾಡಿತು, ಪಾಪ ಅವನೇನು ಮಾಡಿಯಾನು ಎಂದು ನಾನು ಹೇಳುತ್ತಿಲ್ಲ. ಒಂದೇ ಮನೆಯಲ್ಲಿ ಬೆಳೆದ ಅಣ್ಣ ಹೊಡೆಯುತ್ತಾನೆ, ತಮ್ಮ ಹೊಡೆಯುವುದಿಲ್ಲ, ಇದನ್ನು ನೀವೇ ಕಂಡಿದ್ದೀರಿ. ಆ ತಂಗಿಯನ್ನು ನಾನು ತಿರುಗಿ ಕೇಳಿದೆ. "ನಿನ್ನ ಗಂಡ ಕೆಲಸದಲ್ಲಿ ಮೇಸ್ತ್ರಿಗೆ ಹೊಡೆದಿದ್ದಾನಾ?" ಅವಳು ನಕ್ಕಳು. "ಅಯ್ಯೋ, ಮೇಸ್ತ್ರಿ ಬೈದರೆ ತಲೆ ಬಗ್ಗಿಸಿ ನಿಲ್ತಾನೆ." ಹುಟ್ಟುಗುಣವೇ ಆಗಿದ್ದರೆ ಮೇಸ್ತ್ರಿಯ ಬೆನ್ನಿಗೂ ಒಂದು ಬೀಳಬೇಕಿತ್ತು. ಎಲ್ಲಿ ಹೊಡೆದರೆ ಕೇಳುವವರಿಲ್ಲ ಎಂಬ ಲೆಕ್ಕ ಅವನಿಗೆ ಚೆನ್ನಾಗಿ ಗೊತ್ತಿದೆ.

ಈಗ ನಮ್ಮದೇ ಲೆಕ್ಕದ ಪುಸ್ತಕಕ್ಕೆ ಬರುತ್ತೇನೆ. ನಮ್ಮ ಗುಂಪಿನಲ್ಲಿ ಒಮ್ಮೆ ಮಗಳ ಮದುವೆಗೆಂದು ಒಬ್ಬರಿಗೆ ಸಾಲ ಕೊಟ್ಟೆವು. ನಾನೂ ಸಹಿ ಹಾಕಿದೆ. ದುಡ್ಡು ನೇರ ಗಂಡಿನ ಮನೆಗೆ ಹೋಯಿತು, ಎರಡು ವರ್ಷ ವಾರವಾರ ನಾವೇ ಕಂತು ವಸೂಲಿ ಮಾಡಿದೆವು. ಆ ಹುಡುಗಿ ಮೈಮೇಲೆ ಬಾಸುಂಡೆ ಹೊತ್ತು ತವರಿಗೆ ಬಂದ ವಾರವೂ ಕಂತು ಕಟ್ಟಿಸಿಕೊಂಡೆವು. ಮದುವೆ ಸಾಲ ಎಂದು ಅರ್ಜಿ ಬಂದರೆ, ಯಾವ ಅಂಗಡಿಗೆ ಎಷ್ಟು, ಯಾರ ಕೈಗೆ ಎಷ್ಟು ಎಂದು ಕೇಳಿ ಬರೆದುಕೊಳ್ಳದೆ ಕೊಡಬಾರದೆಂದು ಈ ಸಭೆ ನಿರ್ಣಯ ಮಾಡಬೇಕೆಂದು ಕೇಳುತ್ತೇನೆ. ಜಗಳವಾಗುತ್ತದೆ, ಗೊತ್ತು. ಮಗಳ ಮದುವೆ ನಿಲ್ಲಿಸಿದಿರಿ ಎನ್ನುತ್ತಾರೆ.

ಆ ತಂಗಿ ಊಟದ ಹೊತ್ತಿಗೆ ಹೋಗಿಬಿಡಬೇಡ. ನಿನ್ನ ಗುಂಪಿನ ಇಬ್ಬರನ್ನು ಜೊತೆಗೆ ಕರೆದುಕೊಂಡು ಬಾ. 2005ರ ಕೌಟುಂಬಿಕ ಹಿಂಸೆಯ ಕಾಯ್ದೆಯಡಿ ಸಂರಕ್ಷಣಾಧಿಕಾರಿಗೆ ಕೊಡುವ ಅರ್ಜಿಯನ್ನು ಕೂತು ಬರೆಯೋಣ. ರಾತ್ರಿ ಏನಾದರೂ ಆದರೆ 181ಕ್ಕೆ ಫೋನು ಮಾಡು. ಅಕ್ಕಪಕ್ಕದ ಮನೆಯವರು ಯಾರಾದರೂ ಈ ಸಭೆಯಲ್ಲಿದ್ದರೆ, ಅವರೂ ಬನ್ನಿ.