ಜೇನಿನ ದುಡಿಮೆ, ನಮ್ಮ ದುಡಿಮೆ

(ಹಿರೇಕೆರೂರಿನಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ಗಿರಣಿಯಲ್ಲಿ ದುಡಿಯುವವರಿಗೂ ಅಂಗಡಿ ಇಟ್ಟವರಿಗೂ ಜೇನುಹುಳದ ಮಾತೇಕೆ ಎಂದು ನೀವು ಕೇಳಬಹುದು. ಎಣ್ಣೆಗಿರಣಿಗೆ ಬರುವ ಸೂರ್ಯಪಾನದ ಚೀಲದಿಂದಲೇ ಉತ್ತರ ಹೇಳುತ್ತೇನೆ. ಸೂರ್ಯಪಾನದ ಒಂದು ತೆನೆಯಲ್ಲಿರುವುದು ಒಂದೇ ಹೂವಲ್ಲ, ನೂರಾರು ಕಿರುಹೂಗಳು. ಬೇರೆ ಗಿಡದ ಪರಾಗ ತಾಗಿದರೆ ಕಾಳು ಚೆನ್ನಾಗಿ ಗಟ್ಟಿಯಾಗುತ್ತದೆ. ಇಲ್ಲವಾದರೆ ಜೊಳ್ಳು ಹೆಚ್ಚುತ್ತದೆ. ಆ ಪರಾಗವನ್ನು ಹೊತ್ತು ತರುವುದು ಮುಖ್ಯವಾಗಿ ಜೇನು. ಜೊಳ್ಳಾದರೆ ರೈತನಿಗೆ ತೂಕವಿಲ್ಲ, ಗಿರಣಿಗೆ ಎಣ್ಣೆಯಿಲ್ಲ, ನಿಮಗೆ ಪಾಳಿಯಿಲ್ಲ.

ಈ ದುಡಿಮೆಯ ಬೆಲೆ ತಿಳಿಯಬೇಕಾದರೆ ಹತ್ತಿ ಬೀಜೋತ್ಪಾದನೆಯ ಹೊಲಕ್ಕೆ ಹೋಗಿರಿ. 1972ರಲ್ಲಿ ಧಾರವಾಡದಿಂದ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಬಂದಿತು. ಇಂಥ ಬೀಜಕ್ಕಾಗಿ ಕ್ರಾಸಿಂಗ್ ಕೆಲಸ ಬೇಕು: ಸಂಜೆ ಮೊಗ್ಗು ಬಿಡಿಸಿ ಕೇಸರ ಕೀಳುವುದು, ಮರುದಿನ ಮುಂಜಾನೆ ಗಂಡುಸಾಲಿನ ಪರಾಗ ತಂದು ಸವರುವುದು. ಒಂದೊಂದು ಹೂವಿಗೂ ಹೆಣ್ಣುಮಕ್ಕಳ ಕೈ ಬೇಕು, ದಿನಗೂಲಿ ಬೇಕು. ಪರಾಗ ಸಾಗಿಸುವ ಕೆಲಸವನ್ನು ಜೇನು ಕೂಲಿ ಕೇಳದೆ ಮಾಡುತ್ತದೆ. ಕೂಲಿ ಕೇಳದವರನ್ನು ಲೆಕ್ಕಕ್ಕೆ ಹಿಡಿಯದಿರುವುದು ಬಂಡವಾಳದ ಹಳೆಯ ಪದ್ಧತಿ.

ಈ ಆಳಿನ ಹೊಟ್ಟೆಗೆ ಏನಿದೆ? ಅಕ್ಕಡಿ ಸಾಲುಗಳಲ್ಲಿ ಗುರೆಳ್ಳು, ಎಳ್ಳು, ತೊಗರಿ, ಕುಸುಬಿ ಇದ್ದಾಗ ಒಂದರ ತರುವಾಯ ಒಂದು ಹೂ ಸಿಗುತ್ತಿತ್ತು. ಇಂದು ಕಣ್ಣು ಹಾಯುವಷ್ಟು ದೂರ ಗೋವಿನಜೋಳ. ಅದರಲ್ಲಿ ಪರಾಗವುಂಟು, ಮಕರಂದವಿಲ್ಲ. ಆದುದರಿಂದ ಹಸಿದ ಜೇನು ಹತ್ತಿಯ ಹೂವಿಗೆ ಹೋಗುತ್ತದೆ. ವಿಷ ಬೀಳುವುದೂ ಅಲ್ಲಿಯೇ. 2002ರಲ್ಲಿ ಬಿಟಿ ಹತ್ತಿ ಬಂದ ಮೇಲೂ ರಸ ಹೀರುವ ಕೀಟಗಳಿಗಾಗಿ ಸಿಂಪಡಣೆ ನಿಲ್ಲಲಿಲ್ಲ.

ವಿಷದ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನಗಳಿರುತ್ತವೆ. ಹಸಿರಿದ್ದರೆ ಭಯವಿಲ್ಲವೆಂದು ನಂಬಬೇಡಿರಿ. ಆ ಬಣ್ಣ ಮನುಷ್ಯನಿಗೆ ಆಗುವ ಅಪಾಯದ ಅಳತೆಯೇ ಹೊರತು ಜೇನಿಗೆ ಆಗುವುದರದಲ್ಲ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್ ಎಂಬ ವಿಷಗಳು ಗಿಡದ ರಸದಲ್ಲಿ ಸೇರಿ ಮಕರಂದಕ್ಕೂ ಪರಾಗಕ್ಕೂ ಏರುತ್ತವೆ. ಕೊಲ್ಲದಷ್ಟು ಕಡಿಮೆ ತಗುಲಿದರೂ ಜೇನು ಗೂಡಿನ ದಾರಿ ತಪ್ಪುತ್ತದೆ. ಯುರೋಪಿನ ಒಕ್ಕೂಟ 2018ರಲ್ಲಿ ಇವನ್ನು ಬಯಲು ಹೊಲಗಳಲ್ಲಿ ಬಳಸಬಾರದೆಂದು ನಿಷೇಧಿಸಿತು. ನಮ್ಮಲ್ಲಿ ಇವು ಮಾರಾಟದಲ್ಲಿವೆ.

ಜೇನಿನ ಮೇಲೆ ಬಿದ್ದುದು ಪಂಪು ಹೊತ್ತವನ ಮೇಲೂ ಬೀಳುತ್ತದೆ. 2017ರಲ್ಲಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ವಿಷ ಹೊಡೆದ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು.

ರೈತನನ್ನು ಬೈದು ಪ್ರಯೋಜನವಿಲ್ಲ. ಸಾಲ ತಲೆಯ ಮೇಲಿರುವವನು ಹುಳ ಕಂಡೊಡನೆ ಪಂಪು ಎತ್ತುತ್ತಾನೆ. ಹೂ ಬಿಟ್ಟಾಗ ಹೊಡೆಯಬಾರದು. ಹೊಡೆಯಲೇಬೇಕಾದರೆ ಜೇನು ಗೂಡು ಸೇರಿದ ಮೇಲೆ, ಸಂಜೆ ಹೊಡೆಯಬೇಕು. ಇದು ತಿಳಿದವರ ಬುದ್ಧಿವಾದ, ಸರಿಯಾದುದೇ. ಆದರೆ ಸಂಜೆ ಎಂಬುದು ದಿನವಿಡೀ ದುಡಿದವನ ವಿಶ್ರಾಂತಿಯ ಹೊತ್ತು. ಜೇನನ್ನು ಉಳಿಸುವ ಭಾರವನ್ನೂ ಅವನ ಬೆನ್ನಿಗೇ ಹೇರುವುದು ನ್ಯಾಯವೇ?

ಆದುದರಿಂದ ಗ್ರಾಮಸಭೆಗಳಲ್ಲಿ ಠರಾವು ಮಾಡಿಸೋಣ. ಸಂಜೆಯ ಸಿಂಪಡಣೆಗೆ ಹೆಚ್ಚಿನ ಕೂಲಿ, ಮುಖವಸ್ತ್ರ, ಕೈಚೀಲ ಕೊಡತಕ್ಕದ್ದು. ಹೊಡೆಯುವ ಹಿಂದಿನ ದಿನ ಜೇನುಪೆಟ್ಟಿಗೆ ಇಟ್ಟವರಿಗೆ ತಿಳಿಸತಕ್ಕದ್ದು. ಬದುವಿನಲ್ಲಿ ಗುರೆಳ್ಳು ಬಿತ್ತುವವರಿಗೆ ಸರ್ಕಾರ ಬೀಜ ಒದಗಿಸತಕ್ಕದ್ದು. ಗಿಡದೊಳಗೆ ಇಳಿಯುವ ವಿಷಕ್ಕೆ ಸಂಜೆಯ ಉಪಾಯ ಸಾಲದು. ಅದಕ್ಕೆ ಕಾನೂನಿನ ತಡೆಯೇ ಬೇಕು. ವ್ಯಾಪಾರಿ ಮಿತ್ರರೇ, ವಿಷ ಕೇಳಿ ಬಂದವನನ್ನು "ಹೊಲ ಹೂ ಬಿಟ್ಟಿದೆಯೇ?" ಎಂದು ಕೇಳಿರಿ. ಆ ಒಂದು ಪ್ರಶ್ನೆಗೆ ಬಂಡವಾಳ ಬೇಕಿಲ್ಲ.