ಮುರಿದ ಸಂಕ ಕಲಿಸಿದ ಪಾಠ



ಒಂದೇ ಒಂದು ಪ್ರಸಂಗ ಹೇಳಿ ಮುಗಿಸುತ್ತೇನೆ. ಒಮ್ಮೆ ಒಂಬತ್ತನೆಯ ತರಗತಿಯವರಿಗೆ ಕೆಮ್ಮಣ್ಣಿನ ತಿಮ್ಮಣ್ಣಕುದ್ರು ತೂಗುಸೇತುವೆಯ ಮಾದರಿ ಮಾಡಲು ಹೇಳಿದ್ದೆ. ಸಾಮಗ್ರಿ ಅಡಿಕೆ ಸಲಾಕೆ, ಹಿಡಿಸೂಡಿ ಕಡ್ಡಿ, ಹುರಿ. ಎರಡು ಅಡಿ ದಾಟಬೇಕು, ಒಂದು ಕಿಲೋ ಅಕ್ಕಿ ಹೊರಬೇಕು.

ಅಕ್ಕಿ ಇಟ್ಟೊಡನೆ ಎರಡೂ ಕಂಬ ಒಳಗೆ ವಾಲಿ ಕುಸಿದವು. ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಬರೆದೆ.

ಮರುದಿನ ಕುದ್ರುವಿನಿಂದ ಬರುತ್ತಿದ್ದ, ಹಿಂದಿನ ಬೆಂಚಿನ ಹುಡುಗನೊಬ್ಬ, "ಸರ್, ನಮ್ಮ ಸಂಕದ ಹಗ್ಗ ಕಂಬದಲ್ಲೇ ಮುಗಿಯುವುದಿಲ್ಲ. ಆಚೆ ಇಳಿದು ನೆಲಕ್ಕೆ ಹೋಗುತ್ತದೆ" ಎಂದ. ಹುರಿಯನ್ನು ಹಿಂದಕ್ಕೆಳೆದು ಕಲ್ಲಿಗೆ ಕಟ್ಟಿದೆವು. ಮೂರನೆಯ ಪ್ರಯತ್ನಕ್ಕೆ ಅಕ್ಕಿ ನಿಂತಿತು.

ಅಗತ್ಯ ತಿಳಿ, ಚಿತ್ರ ಬರೆ, ಕಟ್ಟು, ಪರೀಕ್ಷಿಸು, ಸೋತಲ್ಲಿ ತಿದ್ದು: ಎಂಜಿನಿಯರಿಂಗ್ ಎಂದರೆ ಇದೇ. 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತಮ್ಮ ಮೊದಲ ತೂಗುಸೇತುವೆ ಕಟ್ಟಿದ ಸುಳ್ಯದ ಗಿರೀಶ್ ಭಾರದ್ವಾಜರಿಗೆ 2017ರಲ್ಲಿ ಪದ್ಮಶ್ರೀ ಬಂತು. ಅವರ ಕೆಲಸವೂ ಊರಿನ ಕಷ್ಟದಿಂದಲೇ ಶುರುವಾದದ್ದು.

ಸೊನ್ನೆಯನ್ನು ಆಮೇಲೆ ತಿದ್ದಿದೆ. ಆದರೆ ಮೊದಲ ಸೋಲಿಗೇ ಅಂಕ ಕಳೆದದ್ದು ತಪ್ಪೆಂದು ಆ ಹುಡುಗನಿಗೆ ಹೇಳಲಿಲ್ಲ. ಅವನು ಈ ಸಭೆಯಲ್ಲಿದ್ದರೆ ಇಂದು ಹೇಳುತ್ತೇನೆ: ತಪ್ಪು ನನ್ನದು ಮಾರಾಯ. ಆ ದಿನ ಪಾಠ ಮಾಡಿದವನು ನೀನು.