ಗಣಕಯಂತ್ರದ ತೂಬಿಗೂ ನೀರುಗಂಟಿ ಬೇಕು
(ಬ್ಲಫ್‌ನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ನಾಲೆಯಲ್ಲಿ ಕಂಡವರೆಲ್ಲ ತೂಬು ಎತ್ತಿದರೆ ಕಡೆಯ ಗದ್ದೆಗೆ ನೀರಿಲ್ಲ. ಅದಕ್ಕೇ ನೀರುಗಂಟಿ ಇರುವುದು. ಗಣಕಯಂತ್ರದ ಲೆಕ್ಕಕ್ಕೂ ಇದೇ ನ್ಯಾಯ. ‘ಭೂಮಿ’ ಯೋಜನೆಯಲ್ಲಿ ಪಹಣಿ ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ಒಳಹೋಗುವ ಏರ್ಪಾಡು ಬಂದದ್ದು ಇದಕ್ಕಾಗಿಯೇ.

ಒಂದು ಸಂಘದಲ್ಲಿ ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸುತ್ತಿದ್ದುದನ್ನು ಕಂಡಿದ್ದೇನೆ. ಸದಸ್ಯರೊಬ್ಬರ ಸಾಲದ ಲೆಕ್ಕ ತಪ್ಪಿದಾಗ ತಿದ್ದಿದವರಾರೆಂದು ತಿಳಿಯಲೇ ಇಲ್ಲ.

ನಿಮ್ಮ ಸಂಘದಲ್ಲಿ ಹೀಗೆ ಮಾಡಿ:

1. ಪ್ರತಿಯೊಬ್ಬರಿಗೂ ಬೇರೆ ಖಾತೆ, ಬೇರೆ ಪಾಸ್‌ವರ್ಡ್ ಕೊಡಿ.
2. ಸದಸ್ಯರಿಗೆ ತಮ್ಮ ಲೆಕ್ಕ ನೋಡುವ ಹಕ್ಕಷ್ಟೇ ಇರಲಿ. ತಿದ್ದುವ ಹಕ್ಕು ಹೊಣೆ ಹೊತ್ತವರಿಗೆ ಮಾತ್ರ.
3. ಕೆಲಸ ಬಿಟ್ಟವರ ಖಾತೆಯನ್ನು ಅಂದೇ ಮುಚ್ಚಿ.

ಮೊಬೈಲಿಗೆ ಬರುವ ಓಟಿಪಿಯನ್ನು ಯಾರಿಗೂ ಹೇಳಬೇಡಿ. ಬೀಗ ಎಷ್ಟೇ ಗಟ್ಟಿಯಾದರೂ ಕೀಲಿಕೈ ಊರೆಲ್ಲ ತಿರುಗಿದರೆ ಕಣಜ ಉಳಿಯದು.